ಎಡಗೈಗೆ ಹಸಿರು ದೀಪ

ನಮ್ಮ ಚಿಕ್ಕಮ್ಮ ಎಡಚಿ. ಹುಟ್ಟಿದ್ದೇ ಹಾಗೆ. ಬಲಗೈಗೆ ಕೊಟ್ಟ ಗಿಲಕಿಯನ್ನು ಎಡಗೈಗೆ ದಾಟಿಸಿಕೊಂಡ ಮೇಲೇ ಆಡುತ್ತಿದ್ದಳಂತೆ. ಅಜ್ಜಿ ಮುದ್ದು ಮಾಡಿ ತಿದ್ದಲು ನೋಡಿದಳು, ಶಾಲೆಯ ಮೇಷ್ಟ್ರು ಗೆಣ್ಣಿನ ಮೇಲೆ ಬಾರಿಸಿ ತಿದ್ದಲು ನೋಡಿದರು. ಕೊನೆಗೆ ಒಂದು ರಾಜಿಯಾಯಿತು: ಬರೆಯುವುದು ಬಲಗೈಯಲ್ಲಿ, ಉಳಿದ ಬದುಕೆಲ್ಲ ಎಡಗೈಯಲ್ಲಿ. ಈರುಳ್ಳಿ ಹೆಚ್ಚುವುದು, ಗುಂಡಿ ಹೊಲಿಯುವುದು, ಡಬ್ಬಿಯ ಬಿಗಿ ಮುಚ್ಚಳ ತಿರುಗಿಸುವುದು, ಚಿಕ್ಕಪ್ಪ ತಲೆಹರಟೆ ಮಾಡಿದಾಗ ಅವನ ಬೆನ್ನಿಗೊಂದು ಗುದ್ದುವುದು, ಎಲ್ಲವೂ ಎಡಗೈಯ ಇಲಾಖೆ.

ನಾನು ಅವಳ ಅಕ್ಕನ ಮಗಳು. ಅವರ ಮನೆಯ ಮಹಡಿಯ ಮೇಲಿನ ಕೋಣೆಯಲ್ಲಿದ್ದುಕೊಂಡು ಹತ್ತಿರದ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಸಂಜೆ ಚಿಕ್ಕಮ್ಮ ಕಾರ್ಖಾನೆಯಿಂದ ಬಂದು, ಕೆಳಗಿನ ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಬಿಚ್ಚುವಾಗ ಆ ದಿನದ ಕಥೆಯೂ ಬಿಚ್ಚಿಕೊಳ್ಳುತ್ತಿತ್ತು. ನಾನು ಎರಡು ಮೆಟ್ಟಿಲು ಮೇಲೆ ಕೂತು ಕೇಳುತ್ತಿದ್ದೆ. ಆದ್ದರಿಂದ ನಾನು ಹೇಳುವುದೆಲ್ಲ ಅವಳ ಬಾಯಿಂದಲೇ ಬಂದದ್ದು.

ಅವಳ ಕಾರ್ಖಾನೆಯಲ್ಲಿ ನೀರೆತ್ತುವ ಪಂಪಿನ ಮೋಟಾರು ಜೋಡಿಸುತ್ತಾರೆ. ಉದ್ದನೆಯ ಬೆಲ್ಟಿನ ಮೇಲೆ ಮೋಟಾರುಗಳು ಒಂದರ ಹಿಂದೊಂದು ತೆವಳುತ್ತ ಬರುತ್ತವೆ, ಇಕ್ಕೆಲದಲ್ಲಿ ಮೇಜುಗಳು, ಪ್ರತಿ ಮೇಜಿಗೆ ಒಬ್ಬರು. ಚಿಕ್ಕಮ್ಮನದು ಬೆಲ್ಟಿನ ಬಾಲದ ಕಡೆಗಿರುವ ಮೇಜು. ಮೋಟಾರಿನ ತಲೆಯ ಮೇಲಿನ ಪುಟ್ಟ ಪೆಟ್ಟಿಗೆಯಲ್ಲಿ ತಂತಿಗಳನ್ನು ಕೂಡಿಸಿ, ಅಂಚಿಗೆ ರಬ್ಬರ್ ಪಟ್ಟಿ ಕೂರಿಸಿ, ಮುಚ್ಚಳ ಹಾಕಿ ಸ್ಕ್ರೂ ಬಿಗಿಯುವ ಕೆಲಸ. ಕರೆಂಟಿನ ಸ್ಕ್ರೂಡ್ರೈವರು ಮೇಲಿನಿಂದ ಸ್ಪ್ರಿಂಗಿನಲ್ಲಿ ತೂಗುತ್ತಿರುತ್ತದೆ. ಎಲ್ಲರ ಮೇಜಿನಲ್ಲೂ ಅದು ಬಲಗಡೆ ತೂಗಿದರೆ ಇವಳ ಮೇಜಿನಲ್ಲಿ ಎಡಗಡೆ. ಸೇರಿದ ಹೊಸದರಲ್ಲೇ ಒಂದು ಕೊಕ್ಕೆ ಸಿಕ್ಕಿಸಿ ಎಡಕ್ಕೆ ಎಳೆದುಕೊಂಡಿದ್ದಳು. ಯಾರೂ ಏನೂ ಅನ್ನಲಿಲ್ಲ. ಕಾರ್ಖಾನೆಯವರು ಅವಳಿಗೆ ಇಟ್ಟ ಹೆಸರೂ ಎಡಚಿ ಅಂತಲೇ. “ಎಡಚಿ ಬಿಗಿದದ್ದು ಸಡಿಲ ಆಗಲ್ಲ” ಎಂದು ಗಂಡಸರೂ ಹೇಳುತ್ತಿದ್ದರಂತೆ. ಇದನ್ನು ಅವಳು ನನಗೆ ಎಷ್ಟು ಸಲ ಹೇಳಿದ್ದಾಳೋ, ಪ್ರತಿ ಸಲವೂ ಬೇರೆ ಯಾವುದೋ ಮಾತಿನ ನಡುವೆ, ಅಕಸ್ಮಾತ್ ನೆನಪಾದಂತೆ.

ಹೀಗಿರುವಾಗ ಕಾರ್ಖಾನೆಗೆ ಕ್ಯಾಮೆರಾ ಬಂತು. ಕಳ್ಳರನ್ನು ಹಿಡಿಯುವ ಕ್ಯಾಮೆರಾ ಗೇಟಿನಲ್ಲಿ ಮೊದಲಿಂದಲೂ ಇತ್ತು. ಇದು ಕೈಗಳನ್ನು ನೋಡುವ ಕ್ಯಾಮೆರಾ. ಒಂದೊಂದು ಮೇಜಿನ ನೆತ್ತಿಗೂ ಒಂದೊಂದು. ಮ್ಯಾನೇಜರು ಎಲ್ಲರನ್ನೂ ಊಟದ ಹಾಲಿನಲ್ಲಿ ಸೇರಿಸಿ, ಚಹಾ ಬಿಸ್ಕತ್ತು ಕೊಡಿಸಿ ಮಾತಾಡಿದರು.

“ಇದು ಕೃತಕ ಬುದ್ಧಿಮತ್ತೆ. ಯಾರ ಕೆಲಸಾನೂ ಕಿತ್ಕೊಳ್ಳೋಕೆ ಬಂದಿಲ್ಲ, ಯಾರೂ ಹೆದರಬೇಡಿ. ನೀವು ಯಾವುದಾದ್ರೂ ಹಂತ ಮರೆತ್ರೆ ಅಲ್ಲೇ ಹೇಳುತ್ತೆ. ತಪ್ಪು ಮುಂದಕ್ಕೆ ಹೋಗೋದೇ ಇಲ್ಲ.”

ಚಹಾ ಬಿಸಿಯಾಗಿತ್ತು, ಎಲ್ಲರೂ ಚಪ್ಪಾಳೆ ತಟ್ಟಿದರು. ಬೆಲ್ಟಿನ ತುದಿಯಲ್ಲಿ ಒಂದು ದೊಡ್ಡ ಮೇಜಿತ್ತು. ತಯಾರಾದ ಮೋಟಾರನ್ನು ಅಲುಗಿಸಿ, ತಿರುಗಿಸಿ, ಬೆರಳಾಡಿಸಿ ಪರೀಕ್ಷೆ ಮಾಡುವ ಹೆಂಗಸರು ಅಲ್ಲಿ ಕೂರುತ್ತಿದ್ದರು. ತಪ್ಪು ಮುಂದಕ್ಕೇ ಹೋಗದಿದ್ದರೆ ಪರೀಕ್ಷೆ ಯಾಕೆ? ಕೆಲವೇ ವಾರಗಳಲ್ಲಿ ಆ ಮೇಜನ್ನು ಎತ್ತಿಸಿದರು. “ಮ್ಯಾನೇಜರ್ ಸುಳ್ಳು ಹೇಳಿಲ್ಲ ಬಿಡು,” ಎಂದಳು ಚಿಕ್ಕಮ್ಮ. “ಅವರ ಕೆಲಸ ಯಾರೂ ಕಿತ್ಕೊಳ್ಳಲಿಲ್ಲ. ಮೇಜು ಮಾತ್ರ ಕಿತ್ಕೊಂಡ್ರು. ಕೂರೋಕೆ ಜಾಗ ಇಲ್ಲ ಅಂತ ಅವರೇ ಮನೆಗೆ ಹೋದ್ರು.”

ಕ್ಯಾಮೆರಾಕ್ಕೆ ಹೆಂಗಸರು ‘ಅತ್ತೆ’ ಎಂದು ಹೆಸರಿಟ್ಟರು. ಮಾಡಿದ್ದರಲ್ಲೆಲ್ಲ ತಪ್ಪು ಹುಡುಕುತ್ತದೆ, ಕಣ್ಣಿನ ರೆಪ್ಪೆ ಮುಚ್ಚುವುದಿಲ್ಲ, ತಾನು ಮಾತ್ರ ಕೆಲಸಕ್ಕೆ ಕೈ ಹಚ್ಚುವುದಿಲ್ಲ, ಇನ್ನೇನು ಹೆಸರಿಡಬೇಕು?

ಈ ಅತ್ತೆಗೆ ಕೆಲಸ ಕಲಿಸಲು, ಕ್ಯಾಮೆರಾ ಕಂಪನಿಯವರು ಮೊದಲು ಪ್ರತಿ ಮೇಜಿನಲ್ಲೂ ಒಬ್ಬರು ಕೆಲಸ ಮಾಡುವುದನ್ನು ವಿಡಿಯೋ ಹಿಡಿದರು. ಅದನ್ನು ನೋಡಿ ನೋಡಿ ಅದು ‘ಸರಿಯಾದ ಕ್ರಮ’ ಏನೆಂದು ಕಲಿಯಿತು. ಆ ವಾರ ಚಿಕ್ಕಮ್ಮ ರಜೆಯ ಮೇಲಿದ್ದಳು. ಮಗಳ ಹೆರಿಗೆಗೆಂದು ಪರವೂರಿಗೆ ಹೋಗಿದ್ದಳು. ಅವಳ ಮೇಜಿನಲ್ಲಿ ಪಕ್ಕದ ಮೇಜಿನವಳನ್ನು ಕೂರಿಸಿ ವಿಡಿಯೋ ಮಾಡಿದರು. ಮೇಜನ್ನು ‘ಸ್ಟ್ಯಾಂಡರ್ಡ್’ ಮಾಡಬೇಕೆಂದು ಇವಳ ಕೊಕ್ಕೆ ಕಿತ್ತು, ಸ್ಕ್ರೂಡ್ರೈವರನ್ನು ಬಲಗಡೆಗೆ ಗಟ್ಟಿಯಾಗಿ ಕೂರಿಸಿದರು. ಸ್ಕ್ರೂಗಳ ತಟ್ಟೆಯನ್ನೂ ಮೇಜಿಗೇ ಅಂಟಿಸಿದರು.

ಮೊಮ್ಮಗನ ಮುಖ ನೋಡಿದ ಖುಷಿಯಲ್ಲಿ ಕೆಲಸಕ್ಕೆ ಮರಳಿದ ಚಿಕ್ಕಮ್ಮ ಮೇಜಿನ ಮುಂದೆ ಕೂತು, ಎಡಗೈಯನ್ನು ಅಡ್ಡ ಚಾಚಿ, ಬಲಗಡೆಯಿಂದ ಸ್ಕ್ರೂಡ್ರೈವರು ಎಳೆದುಕೊಂಡಳು. ಎದುರಿನ ಪರದೆ ಕೆಂಪಾಯಿತು. ಜೇನಿನಂಥ ಹೆಣ್ಣು ದನಿಯೊಂದು ಹೇಳಿತು:

“ಕ್ರಮ ತಪ್ಪಿದೆ. ದಯವಿಟ್ಟು ಪುನರಾವರ್ತಿಸಿ.”

ಇವಳು ಪುನರಾವರ್ತಿಸಿದಳು. ಮತ್ತೆ ಕೆಂಪು. ಪರದೆ ಹಸಿರಾಗುವ ತನಕ ಬೆಲ್ಟು ಮುಂದಕ್ಕೆ ಚಲಿಸುವುದಿಲ್ಲ. ಮುಂದಿನ ಮೇಜಿನವರು ಕೈ ಕಟ್ಟಿ ಕೂತರು, ಹಿಂದಿನ ಮೇಜಿನವರ ಮುಂದೆ ಮೋಟಾರುಗಳು ನಿಂತುಕೊಂಡವು. ಮುಚ್ಚಳ ಕೂತಿದೆ, ಸ್ಕ್ರೂ ಬಿಗಿಯಾಗಿದೆ, ರಬ್ಬರ್ ಸರಿಯಾಗಿ ಕೂತಿದೆ. ಆದರೆ ಅತ್ತೆಗೆ ಬಲಗೈಯಲ್ಲಿ ಸ್ಕ್ರೂಡ್ರೈವರು, ಎಡಗೈಯಲ್ಲಿ ಮುಚ್ಚಳ ಕಾಣಬೇಕು. ಇಲ್ಲಿ ಎಲ್ಲ ಅದಲು ಬದಲು. ಸಾಲಿನ ಉದ್ದಕ್ಕೂ ತಲೆಗಳು ಇವಳ ಕಡೆ ತಿರುಗಿದವು.

ಸೂಪರ್‌ವೈಸರು ಓಡಿ ಬಂದರು. ಕೆಟ್ಟ ಮನುಷ್ಯರಲ್ಲ. ಯಾರು ಏನು ಕೇಳಿದರೂ “ಆಗ್ಲಿ, ನೋಡೋಣ” ಎನ್ನುವ ಅಭ್ಯಾಸ. ಹಾಗಾಗಿ ಬೆನ್ನ ಹಿಂದೆ ಅವರ ಹೆಸರೇ ಆಗ್ಲಿನೋಡೋಣ.

“ಸಾರ್, ನಾನು ಎಡಚಿ ಅಂತ ಇದಕ್ಕೆ ಯಾರಾದ್ರೂ ಹೇಳಿ,” ಎಂದಳು ಚಿಕ್ಕಮ್ಮ.

“ಆಗ್ಲಿ, ನೋಡೋಣ. ಇವತ್ತಿಗೆ ಬಲಗೈಲಿ ಮಾಡ್ಬಿಡಮ್ಮ. ಸಾಲು ನಿಂತಿದೆ.”

ಇವತ್ತಿಗೆ ಎಂದದ್ದು ನಾಳೆಗೂ ಆಯಿತು, ನಾಡಿದ್ದಿಗೂ ಆಯಿತು. ಅವಳು ಬಲಗೈಯಲ್ಲಿ ಸ್ಕ್ರೂ ಬಿಗಿಯತೊಡಗಿದಳು. ಸ್ಕ್ರೂಡ್ರೈವರಿನ ಮೂತಿ ಜಾರುತ್ತಿತ್ತು, ಮುಚ್ಚಳದ ಬಣ್ಣ ಗೀರುತ್ತಿತ್ತು, ಸ್ಕ್ರೂ ಓರೆಯಾಗಿ ಇಳಿಯುತ್ತಿತ್ತು. ಅತ್ತೆಗೆ ಅದೆಲ್ಲ ಕಾಣದು. ಕೈಗಳು ಹೇಳಿದ ಜಾಗದಲ್ಲಿದ್ದರೆ ಸಾಕು, ಹಸಿರು ದೀಪ. “ನೆಟ್ಟಗೆ ಮಾಡಿದ್ರೆ ಕೆಂಪು, ಸೊಟ್ಟಗೆ ಮಾಡಿದ್ರೆ ಹಸಿರು,” ಎಂದು ಬೂಟನ್ನು ಮೂಲೆಗೆ ಎಸೆದಳು ಒಂದು ಸಂಜೆ. ಬಲ ಮಣಿಕಟ್ಟು ಊದಿತ್ತು. ನಾನು ಅಂಗಡಿಯಿಂದ ಮುಲಾಮು ತಂದು ಹಚ್ಚಿದೆ.

ಅದಕ್ಕಿಂತ ಹೆಚ್ಚು ನೋಯಿಸಿದ್ದು ಊಟದ ಹಾಲಿನ ಗೋಡೆಗೆ ಹಾಕಿದ ದೊಡ್ಡ ಪರದೆ. ಅದರಲ್ಲಿ ಎಲ್ಲರ ಹೆಸರು, ಅಂಕ. ಮೇಲಿನವರು ಹಸಿರಿನಲ್ಲಿ, ಕೆಳಗಿನವರು ಕೆಂಪಿನಲ್ಲಿ. ಚಿಕ್ಕಮ್ಮನ ಹೆಸರು ನೆಲಕ್ಕೆ ತಾಗುವಷ್ಟು ಕೆಳಗೆ. ಅವಳು ಪರದೆಗೆ ಬೆನ್ನು ಹಾಕಿ ಉಣ್ಣಲು ಶುರು ಮಾಡಿದಳು. ಆಮೇಲೆ ಹಾಲಿಗೇ ಹೋಗದೆ ಸೈಕಲ್ ನಿಲ್ದಾಣದ ಕಟ್ಟೆಯ ಮೇಲೆ ಕೂತು ಉಣ್ಣತೊಡಗಿದಳು.

ಮನೆಯಲ್ಲಿ ಚಿಕ್ಕಪ್ಪ ಇದನ್ನೆಲ್ಲ ನಗೆಯಲ್ಲಿ ತೇಲಿಸಲು ನೋಡಿದ. ಅವನು ಲಿಫ್ಟು ರಿಪೇರಿ ಮಾಡುವವನು, ಮೇಲೆ ಕೆಳಗೆ ಓಡಾಡಿಯೇ ಬದುಕು ಸವೆಸಿದವನು, ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಒಂದು ದಿನ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು. ಚಮಚ ಕೆಳಗಿಟ್ಟು, ಮೂಗಿನಿಂದ ದನಿ ತೆಗೆದು, “ಕ್ರಮ ತಪ್ಪಿದೆ. ದಯವಿಟ್ಟು ಪುನರಾವರ್ತಿಸಿ,” ಎಂದ.

ನನಗೆ ನಗು ಬಂತು. ಚಿಕ್ಕಮ್ಮನಿಗೆ ಬರಲಿಲ್ಲ. ಅವಳು ಸಾರಿನ ಪಾತ್ರೆಯನ್ನು ಹಾಗೇ ಎತ್ತಿಕೊಂಡು ಹೋಗಿ ಮೋರಿಗೆ ಸುರಿದಳು.

“ಪುನರಾವರ್ತಿಸ್ತೀನಿ, ತಡೀರಿ. ನಾಳೆಯಿಂದ ನೀವೇ ಮಾಡ್ಕೊಳ್ಳಿ. ಬಲಗೈಲಿ ಮಾಡ್ತೀರೋ, ಎಡಗೈಲಿ ಮಾಡ್ತೀರೋ, ಕಾಲಲ್ಲಿ ಮಾಡ್ತೀರೋ.”

ಆ ರಾತ್ರಿ ನಾವು ಮೂವರೂ ಬ್ರೆಡ್ಡು ತಿಂದು ಮಲಗಿದೆವು. ಚಿಕ್ಕಪ್ಪ ಆಮೇಲೆ ಮೆಲ್ಲಗೆ, “ನಾನೇನೋ ತಮಾಷೆಗೆ...” ಎಂದದ್ದು ಕೇಳಿಸಿತು. “ಅಲ್ಲಿ ಯಾರೂ ತಮಾಷೆಗೆ ಹೇಳ್ತಿಲ್ಲ,” ಎಂದಳು ಚಿಕ್ಕಮ್ಮ.

ಕೆಲವು ದಿನಗಳ ಮೇಲೆ ಕ್ಯಾಮೆರಾ ಕಂಪನಿಯಿಂದ ಒಬ್ಬಳು ಎಂಜಿನಿಯರು ಬಂದಳು. ಬೆನ್ನಿಗೆ ಚೀಲ, ಕೈಯಲ್ಲಿ ಲ್ಯಾಪ್‌ಟಾಪು. ಚಿಕ್ಕಮ್ಮ ಜಗಳಕ್ಕೆ ಸಿದ್ಧಳಾಗಿಯೇ ಹೋಗಿದ್ದಳು. ಆದರೆ ಜಗಳಕ್ಕೆ ಅವಕಾಶವೇ ಸಿಗಲಿಲ್ಲ. ಆ ಎಂಜಿನಿಯರು ಪೂರ್ತಿ ಕೇಳಿಸಿಕೊಂಡು, ಹಣೆಗೆ ಕೈ ಹಚ್ಚಿಕೊಂಡಳು.

“ಅಯ್ಯೋ, ತಪ್ಪು ನಮ್ಮದೇ ಮೇಡಂ. ನಾವು ಎಡಗೈಯವರ ವಿಡಿಯೋ ಒಂದೂ ಕೊಟ್ಟಿಲ್ಲ ಅದಕ್ಕೆ.”

“ಈಗ ಕೊಡಿ ಮತ್ತೆ.”

“ಅಷ್ಟೂ ಬೇಡ. ನಿಮ್ಮ ಮೇಜನ್ನ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿಬಿಟ್ರೆ ಸಾಕು. ಸ್ಕ್ರೂಡ್ರೈವರ್ ಎಡಕ್ಕೆ, ತಟ್ಟೆ ಬಲಕ್ಕೆ. ಆಮೇಲೆ ನಾನು ಚಿತ್ರಾನ ಅಡ್ಡಕ್ಕೆ ಮಗುಚ್ತೀನಿ. ಅದಕ್ಕೆ ನೀವು ಬಲಗೈಯವರ ಥರಾನೇ ಕಾಣ್ತೀರಿ. ನನ್ನ ಕಡೆಯಿಂದ ಒಂದು ಗುಂಡಿ ಒತ್ತೋ ಕೆಲಸ.”

ಚಿಕ್ಕಮ್ಮನಿಗೆ ಅಲ್ಲೇ ಅವಳನ್ನು ಅಪ್ಪಿಕೊಳ್ಳಬೇಕೆನಿಸಿತಂತೆ. “ಹಾಗಾದ್ರೆ ಒತ್ತಿಬಿಡು ತಾಯಿ.”

“ಮೇಜು ಬದಲಾಯಿಸೋಕೆ ನಿಮ್ಮ ಕಾರ್ಖಾನೆಯವರು ಒಪ್ಪಬೇಕಲ್ಲ.”

ಅಲ್ಲಿಂದ ಶುರುವಾದದ್ದೇ ಅವಳ ಬದುಕಿನ ಅತ್ಯಂತ ಕೆರಳಿಸುವ ಕಾಲ. ಯಾರಾದರೂ ಆಗುವುದಿಲ್ಲ ಎಂದಿದ್ದರೆ ಅವಳು ಹೊಡೆದಾಡುತ್ತಿದ್ದಳು. ಆದರೆ ಎಲ್ಲರೂ ಹೌದು ಎಂದರು. ಆಗ್ಲಿನೋಡೋಣ ತಮ್ಮ ಮಾತನ್ನೇ ಹೇಳಿದರು, ಅದೂ ಹೌದೇ. ಮ್ಯಾನೇಜರು, “ಖಂಡಿತ ಮಾಡಬೇಕಾದ್ದೇ, ಸೇಫ್ಟಿಯವರು ಒಪ್ಪಲಿ,” ಎಂದರು. ಸೇಫ್ಟಿಯವರು, “ನಮ್ಮದೇನೂ ತಕರಾರಿಲ್ಲ, ಕ್ವಾಲಿಟಿಯವರು ಒಪ್ಪಲಿ,” ಎಂದರು. ಕ್ವಾಲಿಟಿಯವರು, “ಒಳ್ಳೇ ಐಡಿಯಾ. ಆದ್ರೆ ಮೇಜಿನ ನಕ್ಷೆ ಕೇಂದ್ರ ಕಚೇರೀಲಿ ಪಾಸಾಗಿರೋದು, ಅಲ್ಲಿಂದ ಬರಬೇಕು,” ಎಂದರು. ಕೇಂದ್ರ ಕಚೇರಿ ಎಲ್ಲಿದೆ ಎಂದು ಯಾರೂ ನೋಡಿದವರಿಲ್ಲ. ಅಲ್ಲಿಗೆ ಮಿಂಚಂಚೆ ಹೋಯಿತು ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡುವುದಿಲ್ಲ ಎನ್ನುತ್ತಾರೆ. ಇಲ್ಲಿ ದೇವರೂ ಕೊಟ್ಟ, ಪೂಜಾರಿಯೂ ಕೊಟ್ಟ, ವರ ಮಾತ್ರ ಕೈಗೆ ಬರಲಿಲ್ಲ.

ಮಳೆಗಾಲ ಬಂತು, ಹೋಯಿತು. ಊದಿದ ಮಣಿಕಟ್ಟಿಗೆ ಚಿಕ್ಕಮ್ಮ ಪಟ್ಟಿ ಸುತ್ತಿಕೊಂಡೇ ಹೋಗುತ್ತಿದ್ದಳು. ಕೇಳಿದಾಗಲೆಲ್ಲ “ಪ್ರೋಸೆಸ್‌ನಲ್ಲಿದೆ” ಎಂಬ ಉತ್ತರ. ಒಂದು ಬೆಳಿಗ್ಗೆ ಅವಳ ತಾಳ್ಮೆ ಪಟ್ಟನೆ ಹರಿಯಿತು. ಬೆಲ್ಟು ಶುರುವಾಗುವ ಮೊದಲು ರಿಪೇರಿಯವರ ಡಬ್ಬಿಯಿಂದ ಪಾನಾ ತೆಗೆದುಕೊಂಡು, ಕುರ್ಚಿಯ ಮೇಲೆ ಹತ್ತಿ, ತಾನೇ ಸ್ಕ್ರೂಡ್ರೈವರಿನ ತೂಗುಗಂಬಿಯನ್ನು ಬಿಚ್ಚಿ ಎಡಗಡೆಗೆ ಬಿಗಿದಳು. ತಟ್ಟೆಯನ್ನು ಕಿತ್ತು ಬಲಗಡೆ ಇಟ್ಟಳು. ಇಳಿದು ಕೂತಾಗ ಎಷ್ಟೋ ತಿಂಗಳ ಮೇಲೆ ಸ್ವಂತ ಮನೆಗೆ ಬಂದ ಹಾಗಾಯಿತಂತೆ.

ಆದರೆ ಕ್ಯಾಮೆರಾಕ್ಕೆ ತನ್ನ ಮುಂದಿರುವುದು ಯಾವ ಮೇಜು ಎಂದೇ ತಿಳಿಯಲಿಲ್ಲ. ಕೆಂಪು ದೀಪವಲ್ಲ, ಈ ಸಲ ಸೈರನ್ನೇ ಕೂಗಿಕೊಂಡಿತು. ಇಡೀ ಸಾಲು ನಿಂತಿತು. ಅವತ್ತು ಯಾರೋ ದೊಡ್ಡ ಗಿರಾಕಿಗಳು ಕಾರ್ಖಾನೆ ನೋಡಲು ಬಂದಿದ್ದರು, ಮ್ಯಾನೇಜರು ಅವರಿಗೆ ಕ್ಯಾಮೆರಾಗಳನ್ನೇ ತೋರಿಸುತ್ತಿದ್ದರು. ಎಡವಿದ ಕಾಲೇ ಎಡವುವುದು.

ಮ್ಯಾನೇಜರು ಕೂಗಾಡಲಿಲ್ಲ. ಅದೇ ಅವಳಿಗೆ ಸಹಿಸಲಾಗದ್ದು. ಮೆತ್ತಗೆ, ರೋಗಿಯೊಡನೆ ಮಾತಾಡುವ ಹಾಗೆ ಮಾತಾಡಿದರು. “ನಿಮಗೆ ಒತ್ತಡ ಜಾಸ್ತಿ ಆಗಿದೆ. ನಿಮ್ಮ ಅಂಕಾನೂ ಕಡಿಮೆ ಇದೆ. ಸ್ವಲ್ಪ ದಿನ ಪ್ಯಾಕಿಂಗ್‌ನಲ್ಲಿರಿ, ಅಲ್ಲಿ ಆರಾಮ.”

ಪ್ಯಾಕಿಂಗ್ ಎಂದರೆ ಹಿಂಭಾಗದ ಶೆಡ್ಡು. ರಟ್ಟಿನ ಪೆಟ್ಟಿಗೆ ಬಿಡಿಸು, ಮೋಟಾರು ಇಳಿಸು, ಸುತ್ತ ಥರ್ಮಾಕೋಲು ತುರುಕು, ಅಂಟುಪಟ್ಟಿ ಎಳೆ. ಯಾವ ಕೈಯಲ್ಲಾದರೂ ಎಳೆ, ಕೇಳುವವರಿಲ್ಲ. ಅಲ್ಲಿ ಕ್ಯಾಮೆರಾ ಇಲ್ಲ. ಮಣಿಕಟ್ಟಿನ ಊತ ಇಳಿಯಿತು. ಚಿಕ್ಕಪ್ಪ, “ಒಳ್ಳೇದೇ ಆಯ್ತಲ್ಲ, ಅತ್ತೆ ಕಾಟ ತಪ್ಪಿತು,” ಎಂದ.

“ಹೂಂ. ಅತ್ತೆ ಕಾಟ ತಪ್ಪೋಕೆ ನನ್ನನ್ನೇ ಮನೆಯಿಂದ ಆಚೆ ಹಾಕಿದ್ರು,” ಎಂದಳು ಚಿಕ್ಕಮ್ಮ.

ಅವಳು ಮಂಕಾದಳು. ಮೆಟ್ಟಿಲ ಮೇಲೆ ಕಥೆ ಹೇಳುವುದು ನಿಂತಿತು. ಕೇಳಿದರೆ, “ಪೆಟ್ಟಿಗೆ, ಅಂಟುಪಟ್ಟಿ. ಇನ್ನೇನು ಕಥೆ?” ಎನ್ನುತ್ತಿದ್ದಳು.

ಅಷ್ಟರಲ್ಲಿ, ಯಾರೂ ನಿರೀಕ್ಷಿಸದಿದ್ದಾಗ, ಕೇಂದ್ರ ಕಚೇರಿಯಿಂದ ಒಪ್ಪಿಗೆ ಬಂತು. ಮೇಜನ್ನು ತಿರುಗಿಸಿದರು. ಸ್ಕ್ರೂಡ್ರೈವರು ಎಡಕ್ಕೆ, ತಟ್ಟೆ ಬಲಕ್ಕೆ, ಮೇಜಿನ ಅಂಚಿಗೆ ಹೊಳೆಯುವ ನೀಲಿ ಪಟ್ಟಿ. ಕ್ಯಾಮೆರಾ ಕಂಪನಿಯ ಎಂಜಿನಿಯರು ದೂರದಿಂದಲೇ ಗುಂಡಿ ಒತ್ತಿದಳು. ಎಲ್ಲವೂ ಸರಿ. ಆದರೆ ಆ ಮೇಜಿಗೆ ಕೂರಿಸಿದ್ದು ಹೊಸದಾಗಿ ಸೇರಿದ ಒಬ್ಬಳನ್ನು. ಅವಳು ಮುಂಚೆ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಯುತ್ತಿದ್ದವಳು, ಎರಡು ಮಕ್ಕಳ ತಾಯಿ. ಅಪ್ಪಟ ಬಲಗೈಯವಳು.

ಚಿಕ್ಕಮ್ಮನಿಗೆ ವಿಷಯ ತಿಳಿದದ್ದು ಶೌಚಾಲಯದಲ್ಲಿ. ಆ ಹೊಸಬಳು ಕೈ ತೊಳೆಯುವ ತೊಟ್ಟಿಗೆ ಬಗ್ಗಿ ಬಿಕ್ಕುತ್ತಿದ್ದಳು.

“ಏನಾಯ್ತಮ್ಮ?”

“ಎಷ್ಟು ಮಾಡಿದ್ರೂ ಕೆಂಪೇ ಬರ್ತಿದೆ ಅಕ್ಕ. ಕ್ರಮ ತಪ್ಪಿದೆ, ಕ್ರಮ ತಪ್ಪಿದೆ ಅಂತ ಒಂದೇ ಸಮ. ಎಡಗೈಲಿ ಸ್ಕ್ರೂ ಹಾಕೋಕೆ ನಂಗೆಲ್ಲಿ ಬರುತ್ತೆ? ಆ ಮೇಜು ಯಾವ ಪುಣ್ಯಾತ್ಮರಿಗೆ ಅಂತ ಮಾಡಿದ್ರೋ.”

“ನಂಗೇ,” ಎಂದಳು ಚಿಕ್ಕಮ್ಮ.

ಅವಳು ಏಪ್ರನ್ನಿನಲ್ಲಿ ಕೈ ಒರೆಸಿಕೊಂಡು ನೇರ ಆಗ್ಲಿನೋಡೋಣರ ಹತ್ತಿರ ಹೋದಳು. ಅವರು ತಲೆ ಕೆರೆದುಕೊಂಡರು. ಈಗ ಯಾರು ಯಾವ ಮೇಜಿಗೆ ಎಂದು ನಿರ್ಧರಿಸುವುದು ತಾನಲ್ಲ, ಅದಕ್ಕೊಂದು ಪ್ರೋಗ್ರಾಂ ಇದೆ ಎಂದರು. ಅದು ಎಲ್ಲರ ಅಂಕ ನೋಡಿ ಜಾಗ ಹಂಚುತ್ತದೆ. ಚಿಕ್ಕಮ್ಮ ಬಲಗೈಯಲ್ಲಿ ಒದ್ದಾಡಿದ ತಿಂಗಳುಗಳ ಅಂಕಗಳನ್ನೆಲ್ಲ ನೋಡಿ, ‘ಸೂಕ್ಷ್ಮ ಕೆಲಸಕ್ಕೆ ಯೋಗ್ಯರಲ್ಲ’ ಎಂದು ಬರೆದುಕೊಂಡಿದೆ.

“ಅಂದ್ರೆ ಅತ್ತೆ ಚಾಡಿ ಹೇಳಿದ್ಲು, ಮಾವ ರುಜು ಹಾಕಿದ,” ಎಂದಳು ಚಿಕ್ಕಮ್ಮ.

“ಹಾಗೇ ಅಂದ್ಕೊಳ್ಳಿ.”

“ನೀವು ಸೂಪರ್‌ವೈಸರ್ ಅಲ್ವಾ ಸಾರ್? ‘ಈಕೆ ಇಲ್ಲಿ ಕೂರಲಿ, ಆಕೆ ಅಲ್ಲಿ ಕೂರಲಿ’ ಅನ್ನೋಕೂ ಆಗಲ್ವಾ?”

ಅವರು ಸುತ್ತ ನೋಡಿ ದನಿ ತಗ್ಗಿಸಿದರು. “ಅಮ್ಮಾ, ನನಗೂ ಒಂದು ಅಂಕ ಇದೆ. ಅದು ಹೇಳಿದ್ದನ್ನ ಬದಲಾಯಿಸಿದ್ರೆ ನನ್ನ ಅಂಕ ಇಳಿಯುತ್ತೆ. ಇನ್ನು ಸ್ವಲ್ಪ ದಿನಕ್ಕೆ ರಿಟೈರ್ ಆಗ್ತೀನಿ. ಬಿಟ್ಬಿಡಿ ನನ್ನ.”

ಅವತ್ತು ಸಂಜೆ ಮೆಟ್ಟಿಲ ಮೇಲೆ ಬಹಳ ದಿನಗಳ ನಂತರ ಅವಳು ಮಾತಾಡಿದಳು. ಸಿಟ್ಟು ನೆತ್ತಿಗೇರಿತ್ತು. “ಮೊದಲೆಲ್ಲ ಬೈಯೋಕಾದ್ರೂ ಒಬ್ಬ ಇರ್ತಿದ್ದ. ಈಗ ಯಾರನ್ನ ಬೈಯೋದು? ಎಲ್ರೂ ಒಳ್ಳೆಯವರು. ಎಲ್ರೂ ಪಾಪ. ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅಂದ್ರೆ ಗೋಡೇನೂ ಮೆತ್ತಗಿದೆ.”

ಮರುದಿನ ಅವಳೂ ಹೊಸಬಳೂ ಕೊರಳಿನ ಗುರುತಿನ ಕಾರ್ಡನ್ನು ಅದಲು ಬದಲು ಮಾಡಿಕೊಂಡರು. ಮೇಜಿನ ಮುಂದೆ ಕಾರ್ಡು ಮುಟ್ಟಿಸಿದರೆ ಸಾಕು. ಅತ್ತೆ ನೋಡುವುದು ಕೈಯನ್ನು ಮಾತ್ರ, ಮುಖವನ್ನಲ್ಲ. ಹೊಸಬಳು ಶೆಡ್ಡಿಗೆ ಹೋಗಿ ನೆಮ್ಮದಿಯಾಗಿ ಪೆಟ್ಟಿಗೆ ಕಟ್ಟಿದಳು. ಚಿಕ್ಕಮ್ಮ ತನ್ನ ಮೇಜಿಗೆ ಬಂದು ಎಡಗೈ ಎತ್ತಿದಳು. ಸ್ಕ್ರೂಡ್ರೈವರು ತಾನಾಗಿಯೇ ಅಂಗೈಗೆ ಬಂತು. ಹಸಿರು. ಮತ್ತೆ ಹಸಿರು. ಬೆಲ್ಟು ನಿಲ್ಲಲೇ ಇಲ್ಲ. ಪಕ್ಕದ ಮೇಜಿನವಳು ಬಗ್ಗಿ, “ಎಡಚಿ ಬಂದ್ಲು ಕಣ್ರೇ,” ಎಂದು ಪಿಸುಗುಟ್ಟಿದಳು. ಅದು ಸಾಲಿನುದ್ದಕ್ಕೂ ಹರಿದುಹೋಯಿತು. ಆಗ್ಲಿನೋಡೋಣ ಹತ್ತಿರ ಬಂದು, ಅವಳ ಎದೆಯ ಮೇಲಿನ ಕಾರ್ಡನ್ನೂ ಮುಖವನ್ನೂ ನೋಡಿ, ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಬಹಳ ಹೊತ್ತು ಒರೆಸುತ್ತ ಮುಂದಕ್ಕೆ ನಡೆದುಬಿಟ್ಟರು.

ಆ ದಿನಗಳಲ್ಲಿ ಚಿಕ್ಕಮ್ಮ ಗುನುಗಿಕೊಂಡು ಮನೆಗೆ ಬರುತ್ತಿದ್ದಳು. ಸಾರಿಗೆ ಉಪ್ಪು ಹದವಾಗಿರುತ್ತಿತ್ತು. ಆದರೆ ಊಟದ ಹಾಲಿನ ಪರದೆಯಲ್ಲಿ ಹೊಸಬಳ ಹೆಸರು ಏಣಿ ಹತ್ತುವಂತೆ ಏರುತ್ತಿತ್ತು. ಚಿಕ್ಕಮ್ಮನ ಹೆಸರು ಪ್ಯಾಕಿಂಗ್‌ನವರ ಪಟ್ಟಿಯಲ್ಲಿ, ಮೂಲೆಯಲ್ಲಿ, ಬೂದು ಬಣ್ಣದಲ್ಲಿ. ಮೊದಮೊದಲು ಇಬ್ಬರೂ ಅದನ್ನು ನೋಡಿ ನಕ್ಕರು. ಆಮೇಲೆ ಚಿಕ್ಕಮ್ಮ ನಗುವುದನ್ನು ಬಿಟ್ಟಳು.

“ನನ್ನ ಕೈ, ಅವಳ ಹೆಸರು,” ಎಂದಳು ನನಗೆ. “ಅವಳ ಮೇಲೆ ನಂಗೇನೂ ಹೊಟ್ಟೆಕಿಚ್ಚಿಲ್ಲ. ಆದ್ರೂ ಹೊಟ್ಟೆಯೊಳಗೆ ಏನೋ ಉರಿಯುತ್ತೆ. ಅದಕ್ಕೆ ಏನಂತಾರೆ?”



ಇದು ಎಷ್ಟು ದಿನ ನಡೆಯುತ್ತಿತ್ತೋ. ಒಂದು ದಿನ ಪ್ರೋಗ್ರಾಂ ಇನ್ನೊಂದು ನಿರ್ಧಾರ ಮಾಡಿತು. ಹೊಸದಾಗಿ ಶುರುವಾಗುವ ಎರಡನೇ ಸಾಲಿಗೆ ಕೆಲಸ ಕಲಿಸಲು ಅತಿ ಹೆಚ್ಚು ಅಂಕದವರು ಬೇಕಿತ್ತು. ಅದು ಹೊಸಬಳನ್ನು ಆರಿಸಿತು. ಅವಳ ಕೈಗಳನ್ನೇ ಮಾದರಿಯಾಗಿ ವಿಡಿಯೋ ಹಿಡಿಯಲು ಅದೇ ಎಂಜಿನಿಯರು ಬರುವವಳಿದ್ದಳು. ಹೊಸಬಳು ಶೆಡ್ಡಿನಿಂದ ಓಡೋಡಿ ಬಂದಳು, ಮುಖ ಸುಣ್ಣದಂತಾಗಿತ್ತು.

“ಅಕ್ಕ, ನನ್ನ ಕೈ ನೋಡಿದ್ರೆ ಎಲ್ಲಾ ಗೊತ್ತಾಗುತ್ತೆ. ನನ್ನ ಕೆಲಸ ಹೋಗುತ್ತೆ. ಮಕ್ಕಳಿವೆ ಅಕ್ಕ.”

ಚಿಕ್ಕಮ್ಮ ಅವಳ ಕಾರ್ಡನ್ನು ತನ್ನ ಕೊರಳಿನಿಂದ ತೆಗೆದು ಅವಳ ಕೈಗಿಟ್ಟು, “ನೀನು ಬಾಯಿ ಬಿಡಬೇಡ. ಕಾರ್ಡ್ ಬದಲಾಯಿಸೋಕೆ ಹೇಳಿದ್ದು ನಾನು,” ಎಂದು ಮ್ಯಾನೇಜರ ಕೋಣೆಗೆ ಹೋದಳು. ಬಾಗಿಲು ತಟ್ಟಲಿಲ್ಲ. ಎಂಜಿನಿಯರೂ ಆಗಲೇ ಬಂದು ಅಲ್ಲೇ ಕೂತಿದ್ದಳು. ಇವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಮ್ಯಾನೇಜರ ಮುಖ ಕೆಂಪಗಾಯಿತು. “ಇದು ಮೋಸ ಅಂತ ಗೊತ್ತಾ ನಿಮಗೆ?”

“ಗೊತ್ತು ಸಾರ್. ಆದ್ರೆ ಈಗ ನಾನು ಎಡಗೈಲಿ ಬಿಗಿದಿದ್ರಲ್ಲಿ ಒಂದು ಮೋಟಾರ್ ಆದ್ರೂ ಗಿರಾಕಿಗಳಿಂದ ವಾಪಸ್ ಬಂತಾ ಹೇಳಿ. ನಾನು ಸೊಟ್ಟಗೆ ಬಿಗಿದಾಗ ನಿಮ್ಮ ಯಂತ್ರ ಹಸಿರು ಕೊಡ್ತು, ಅವೆಲ್ಲ ವಾಪಸ್ ಬಂದ್ವು. ಆವಾಗ ಯಾರೂ ಮೋಸ ಅನ್ನಲಿಲ್ಲ.”

ಎಂಜಿನಿಯರು ತನ್ನ ಲ್ಯಾಪ್‌ಟಾಪಿನ ಪರದೆಯನ್ನೇ ದಿಟ್ಟಿಸುತ್ತಿದ್ದಳು. “ಸಾರ್, ಇವರನ್ನ ಆ ಮೇಜಿಗೆ ಹಾಕಿದ್ರೆ ಮುಗೀತಲ್ಲ?” ಎಂದಳು ನಿಧಾನವಾಗಿ. “ಮೇಜು ಇವರಿಗೋಸ್ಕರಾನೇ ಮಾಡಿದ್ದು.”

ಗಿರಾಕಿಗಳಿಗೆ ಸುದ್ದಿ ಹೋಗಬಾರದೆಂದು ಮ್ಯಾನೇಜರು ವಿಷಯವನ್ನು ಅಲ್ಲಿಗೇ ಮುಚ್ಚಿದರು. ಇಬ್ಬರಿಗೂ ಒಂದೊಂದು ಎಚ್ಚರಿಕೆ ಸಿಕ್ಕಿತು. ಚಿಕ್ಕಮ್ಮನಿಗೆ ಅವಳ ಮೇಜೂ ಸಿಕ್ಕಿತು, ತನ್ನದೇ ಹೆಸರಿನಲ್ಲಿ. ಆದರೆ ಹೊಸಬಳ ಹೆಸರಿನಲ್ಲಿ ದುಡಿದ ಅಂಕಗಳನ್ನು ಇವಳ ಹೆಸರಿಗೆ ತಿರುಗಿಸುವ ದಾರಿ ಪ್ರೋಗ್ರಾಂನಲ್ಲಿ ಇರಲಿಲ್ಲ. ಹಳೆಯ ಕೆಂಪು ಅಂಕಗಳನ್ನು ಅಳಿಸಬೇಕಾದರೆ ಒಂದೇ ಉಪಾಯ, ಅವಳನ್ನು ಹೊಸದಾಗಿ ಸೇರಿದವಳೆಂದು ದಾಖಲಿಸುವುದು. ಹಾಗಾಗಿ ಅವಳಿಗೆ ಹಳದಿ ಪಟ್ಟಿಯ ಕಾರ್ಡು ಕೊಟ್ಟರು. ಅದರ ಮೇಲೆ ‘ತರಬೇತಿಯಲ್ಲಿರುವವರು’ ಎಂದು ಬರೆದಿತ್ತು. ಅಜ್ಜಿಯಾದ ಮೇಲೆ ತರಬೇತಿ. ಹೊಸಬಳ ಬಡ್ತಿಯ ಆದೇಶವೂ ಆಗಲೇ ಮೇಲಿನಿಂದ ಬಂದಾಗಿತ್ತು, ಅದನ್ನು ಹಿಂತೆಗೆಯುವವರು ಯಾರು ಎಂದು ಯಾರಿಗೂ ತಿಳಿಯಲಿಲ್ಲ. ಅವಳು ಎರಡನೇ ಸಾಲಿನಲ್ಲಿ ಪೆಟ್ಟಿಗೆ ಕಟ್ಟುವ ಕೆಲಸ ಕಲಿಸತೊಡಗಿದಳು. ಅದನ್ನು ಚೆನ್ನಾಗಿಯೇ ಕಲಿಸುತ್ತಾಳಂತೆ.

“ಅಂತೂ ಸರಿ ಆಯ್ತಲ್ಲ ಚಿಕ್ಕಮ್ಮ,” ಎಂದೆ ನಾನು ಆ ಸಂಜೆ.

ಅವಳು ಬೂಟಿನ ದಾರ ಬಿಚ್ಚುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. “ಸರಿ ಆಗೋಕೆ ಏನಿತ್ತು? ನಾನು ಮೊದಲಿಂದ್ಲೂ ಸರಿಯಾಗೇ ಇದ್ದೆ. ಇದ್ದ ಜಾಗಕ್ಕೇ ವಾಪಸ್ ಬರೋಕೆ ಇಷ್ಟು ದಿನ ಒದ್ದಾಡಿದೆ. ಇದಕ್ಕೆ ಸರಿ ಆಯ್ತು ಅಂತ ನಾನು ಖುಷಿ ಬೇರೆ ಪಡಬೇಕಾ?”



ಈಗ ಅವಳು ಆ ಮೇಜಿನಲ್ಲೇ ಇದ್ದಾಳೆ, ದೀಪ ಹಸಿರಾಗಿಯೇ ಇರುತ್ತದೆ. ಆದರೆ ಕಥೆ ಕೇಳಿ ಇನ್ನೊಬ್ಬ ಅವಳನ್ನು ಹುಡುಕಿಕೊಂಡು ಬಂದ. ಸಾಲಿನ ತಲೆಯ ಕಡೆ ಬೇರಿಂಗು ಕೂರಿಸುವವನು. ಅವನೂ ಎಡಚನೇ. ಕೆಲಸ ಹೋದೀತೆಂದು ಕ್ಯಾಮೆರಾ ಬಂದ ದಿನದಿಂದ ತುಟಿ ಬಿಚ್ಚದೆ ಬಲಗೈಯಲ್ಲಿ ದುಡಿಯುತ್ತಿದ್ದನಂತೆ. ಅಂಗಿಯ ತೋಳು ಮಡಿಸಿ ತೋರಿಸಿದಾಗ ಮೊಣಕೈವರೆಗೂ ಪಟ್ಟಿ ಸುತ್ತಿತ್ತು. ಚಿಕ್ಕಮ್ಮ ಅವನನ್ನು ಕರೆದುಕೊಂಡು ಹೋಗಿ, ಅವನ ಮೇಜನ್ನೂ ತಿರುಗಿಸಿ ಎಂದು ಕೇಳಿದಳು. ಎಲ್ಲರೂ ಹೌದು ಎಂದರು. ಆಗ್ಲಿನೋಡೋಣ ನಿವೃತ್ತರಾಗಿ, ಅವರ ಜಾಗಕ್ಕೆ ಬಂದವರು ಕೂಡ ಹೌದು ಎಂದರು. ಕೇಂದ್ರ ಕಚೇರಿಗೆ ಬರೆದಿದ್ದಾರಂತೆ.

ಪ್ರತಿ ಸೋಮವಾರ ಊಟದ ಬಿಡುವಿನಲ್ಲಿ ಅವಳು ಮ್ಯಾನೇಜರ ಕೋಣೆಗೆ ಹೋಗಿ ಬಾಗಿಲಲ್ಲಿ ನಿಂತು, “ಬಂತಾ ಸಾರ್?” ಎಂದು ಕೇಳುತ್ತಾಳೆ. ಅವರು ಇನ್ನೂ ಇಲ್ಲ ಎನ್ನುತ್ತಾರೆ. “ಹಾಗಾದ್ರೆ ಮುಂದಿನ ಸೋಮವಾರ ಬರ್ತೀನಿ,” ಎಂದು ಇವಳು ಹೊರಡುತ್ತಾಳೆ. ಅವರಿಗೆ ಅವಳನ್ನು ಕಂಡರೆ ತಲೆನೋವು ಬರುತ್ತದೆಂದು ಯಾರೋ ಹೇಳಿದರಂತೆ. “ಬರಲಿ,” ಎಂದಳು ಚಿಕ್ಕಮ್ಮ. ಮೊನ್ನೆ ಸೋಮವಾರವೂ ಹೋಗಿದ್ದಳು.